ತರಂಗಂಬಾಡಿಗೆ ಬಂದ ಹಾಯಿಹಡಗು

ಅರವತ್ತು ತುಂಬಿದವರು ತಿರುಕ್ಕಡೈಯೂರಿಗೆ ಹೋಗಿ ಷಷ್ಟ್ಯಬ್ದಪೂರ್ತಿಯ ಶಾಂತಿಯನ್ನು ಮಾಡಿಸಿಕೊಂಡು ಬರುವುದು ದಕ್ಷಿಣದೇಶದಲ್ಲಿ ರೂಢಿಯಾಗಿ ಬಂದ ಆಚಾರ. ಮಾರ್ಕಂಡೇಯನಿಗಾಗಿ ಪರಮೇಶ್ವರನು ಕಾಲನನ್ನೇ ಒದ್ದನೆಂದು ಪ್ರತೀತಿಯಿರುವ ಕ್ಷೇತ್ರವದು. ನಮಗೂ ಈ ವರ್ಷ ಆ ಕಾಲ ಒದಗಿತು. ಮಕ್ಕಳ ಬಲವಂತಕ್ಕೆ ಒಪ್ಪಿ, ಗೃಹಿಣೀಸಮೇತರಾಗಿ ಮಾಯವರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕ್ಷೇತ್ರವನ್ನು ಸೇರಿ, ಕಲಶಸ್ನಾನ, ಹೋಮ, ಪುನಃ ಮಾಂಗಲ್ಯಧಾರಣೆಗಳನ್ನು ಯಥಾವಿಧಿಯಾಗಿ ಮುಗಿಸಿದೆವು. ಅದರ ವರ್ಣನೆ ಇಲ್ಲಿ ಪ್ರಕೃತವಲ್ಲ. ಮಾರನೆಯ ದಿನ ಮಕ್ಕಳೂ ಮೊಮ್ಮಕ್ಕಳೂ ಕುಂಭಕೋಣದ ದೇವಸ್ಥಾನಗಳನ್ನು ನೋಡಲು ಹೊರಟಾಗ ನಾವು ಮಾತ್ರ ಬೇರೆ ದಾರಿ ಹಿಡಿಯುವೆವೆಂದೆವು. ಅಲ್ಲಿಂದ ಎರಡು ಹರದಾರಿಗೂ ಕಡಮೆ ದೂರದಲ್ಲಿ ತರಂಗಂಬಾಡಿಯೆಂಬ ಕಡಲೂರಿದೆ. ಆ ಊರಿನೊಂದಿಗೆ ನಮಗೊಂದು ಹಳೆಯ ಲೆಕ್ಕ ಬಾಕಿಯಿತ್ತು.

ಲೆಕ್ಕವೇನೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ನಾವು ಉಪಾಧ್ಯಾಯರಾಗಿ ಸೇರಿದ ಮೊದಲ ವರ್ಷಗಳಲ್ಲಿ ಸಂಸ್ಕೃತದ ಜೊತೆಗೆ ಇತಿಹಾಸದ ಪಾಠವನ್ನೂ ಹೇಳಬೇಕಾಗಿತ್ತು. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಎಂದು ವಿಸ್ತಾರವಾಗಿ ಹೇಳಿ, ಕೊನೆಯಲ್ಲಿ, "ಡೇನರು ತರಂಗಂಬಾಡಿಯಲ್ಲಿಯೂ ಶ್ರೀರಾಮಪುರದಲ್ಲಿಯೂ ನೆಲೆಸಿದ್ದರು, 1845ರಲ್ಲಿ ಅವನ್ನು ಇಂಗ್ಲಿಷರಿಗೆ ಮಾರಿದರು" ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆವು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, "ಸಾರ್, ಊರಿನಲ್ಲಿದ್ದ ಜನರನ್ನೂ ಮಾರಿದರೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕು, "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದೆವು. ಹುಡುಗನು ಕೂತನು. ಆಮೇಲೆ ಅವನು ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ನಮಗೆ, ನಿವೃತ್ತರಾದ ಮೇಲೆ ನೆನಪಿಗೆ ಬಂದು ಕಾಡುವ ಮುಖಗಳಲ್ಲಿ ಅವನದೇ ಮೊದಲು.

ತರಂಗಂಬಾಡಿಯ ಹೆಬ್ಬಾಗಿಲನ್ನು ಹೊಕ್ಕೊಡನೆ ಬೇರೊಂದು ದೇಶಕ್ಕೆ ಬಂದಂತಾಗುತ್ತದೆ. 1792ರಲ್ಲಿ ಕಟ್ಟಿದ ಈ ಬಾಗಿಲು ಬಿಳಿಯ ಸುಣ್ಣವನ್ನು ಹೊದ್ದು ನಿಂತಿದೆ. ಅಲ್ಲಿಂದ ನೇರವಾಗಿ ಕಡಲಿನವರೆಗೆ ಅರಸನ ಬೀದಿಯೆಂಬ ಅಗಲವಾದ ರಸ್ತೆ. ಇಕ್ಕೆಲದಲ್ಲಿ 1701ರ ಜಿಯೋನ್ ಚರ್ಚು, 1718ರ ನ್ಯೂ ಜೆರೂಸಲೇಮ್ ಚರ್ಚು, ಗವರ್ನರನ ಬಂಗಲೆ, ದಪ್ಪ ಕಂಬಗಳ ಜಗುಲಿಗಳು. ಜನಸಂಚಾರ ಬಹಳ ಕಡಮೆ. ಬೀದಿಯ ಕೊನೆಯಿಂದ ಅಲೆಗಳ ಸದ್ದು ಮಾತ್ರ ಎಡೆಬಿಡದೆ ಕೇಳಿಬರುತ್ತದೆ. ಹಾಡುವ ಅಲೆಗಳ ಊರೆಂದು ತಮಿಳರು ಈ ಹೆಸರಿಗೆ ಅರ್ಥ ಹೇಳುತ್ತಾರೆ. ತಮಿಳಿನ 'ಪಾಡು' ನಮ್ಮಲ್ಲಿ 'ಹಾಡು' ಆಗಿರುವಂತೆಯೇ, ಊರೆಂಬ ಅರ್ಥದ 'ಪಾಡಿ' ನಮ್ಮಲ್ಲಿ 'ಹಾಡಿ' ಆಗಿದೆ. ಹಳೆಯ ಶಾಸನದಲ್ಲಿ ಇದನ್ನು ಸಡಂಗನ್‌ಪಾಡಿ ಎಂದು ಕರೆದಿದೆಯಾದ್ದರಿಂದ ಅಲೆಗಳ ಹಾಡು ಆಮೇಲೆ ಬಂದು ಸೇರಿರಬೇಕು. ಡೇನರ ನಾಲಗೆಯಲ್ಲಿ ಇದು ಟ್ರಾಂಕೆಬಾರ್ ಆಯಿತು.

ಕಡಲ ದಂಡೆಯ ಮೇಲೆ ಡಾನ್ಸ್‌ಬೋರ್ಗ್ ಕೋಟೆಯಿದೆ. 1620ರಲ್ಲಿ ಓವೆ ಗೆಡ್ಡೆ ಎಂಬ ಡೇನಿಷ್ ನೌಕಾಧಿಪತಿಯು ತಂಜಾವೂರಿನ ರಘುನಾಥ ನಾಯಕನೊಡನೆ ಒಡಂಬಡಿಕೆ ಮಾಡಿಕೊಂಡು ಇದನ್ನು ಕಟ್ಟಿಸಲಾರಂಭಿಸಿದನು. ನಾಯಕನು ಡೆನ್ಮಾರ್ಕಿನ ದೊರೆಗೆ ಬಂಗಾರದ ತಗಡಿನ ಮೇಲೆ ಬರೆಯಿಸಿ ಕಳುಹಿಸಿದ ಓಲೆ ಇಂದಿಗೂ ಕೋಪನ್‌ಹೇಗನ್ ನಗರದಲ್ಲಿದೆ. ಇಲ್ಲಿ ವಾಚಕರು ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಡೇನರು ಈ ನೆಲವನ್ನು ಗೆದ್ದವರಲ್ಲ, ಕೊಂಡವರೂ ಅಲ್ಲ. ವರ್ಷಂಪ್ರತಿ ತಂಜಾವೂರಿಗೆ ಕಪ್ಪ ಒಪ್ಪಿಸುವ ಕರಾರಿನ ಮೇಲೆ ಹಿಡಿದವರು. ಮೆಣಸು, ಬಟ್ಟೆ, ಚೀನಾದೇಶದ ಚಹಾ ಇವುಗಳ ವ್ಯಾಪಾರದಿಂದ ಊರು ಕೆಲಕಾಲ ಚೆನ್ನಾಗಿ ಬೆಳೆಯಿತು. 1706ರಲ್ಲಿ ಬಂದ ಜೀಗನ್‌ಬಾಲ್ಗ್ ಎಂಬ ಪಾದ್ರಿಯು ತಮಿಳನ್ನು ಕಲಿತು, ಅಚ್ಚಿನ ಮನೆಯನ್ನು ಸ್ಥಾಪಿಸಿ, ತಮಿಳು ಪುಸ್ತಕಗಳನ್ನು ಮುದ್ರಿಸಿದ್ದೂ ಈ ಊರಿನಲ್ಲಿಯೇ. ಆದರೆ ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, 1808ರಿಂದ 1815ರವರೆಗೆ, ಇಂಗ್ಲಿಷರು ಊರನ್ನು ಹಿಡಿದುಕೊಂಡರು. ಮರಳಿ ಕೊಟ್ಟಾಗ ವ್ಯಾಪಾರವೆಂಬುದು ಉಳಿದಿರಲಿಲ್ಲ. ಖರ್ಚು ಮಾತ್ರ ಉಳಿದಿತ್ತು. ಕಡೆಗೆ 1845ರ ಫೆಬ್ರವರಿ 22ರಂದು ತರಂಗಂಬಾಡಿ, ಶ್ರೀರಾಮಪುರ, ಬಾಲಸೋರಿನ ಒಂದು ತುಂಡು ನೆಲ ಇವಿಷ್ಟನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಇಂಗ್ಲಿಷ್ ಕಂಪನಿಗೆ ಕೊಡುವುದೆಂದು ಪತ್ರವಾಯಿತು.

ನಾವು ಕೋಟೆಯ ಮೇಲಣ ಅಟ್ಟವನ್ನೇರಿ ಕಡಲನ್ನು ನೋಡುತ್ತ ಕುಳಿತೆವು. ಆ ಕ್ರಯಪತ್ರದ ಬೆನ್ನಿಗೆ ಈ ಕೋಟೆಯ ಮುಂದೆ ಬಂದು ಲಂಗರು ಹಾಕಿದ ಹಡಗಿನ ಕಥೆಯೇ ಈ ಲೇಖನದ ಮುಖ್ಯವಿಷಯ.

ಹಡಗಿನ ಹೆಸರು ಗಲಾತಿಯಾ. ಡೇನಿಷ್ ನೌಕಾದಳಕ್ಕಾಗಿ 1830ರ ದಶಕದಲ್ಲಿ ಕಟ್ಟಿದ ಕಾರ್ವೆಟ್ ಎಂಬ ಜಾತಿಯ ಯುದ್ಧನೌಕೆ. ಫ್ರಿಗೇಟಿಗಿಂತ ಚಿಕ್ಕದು, ಮೂರು ಹಾಯಿಕಂಬಗಳುಳ್ಳದ್ದು. ಉಗಿಯಂತ್ರವಿಲ್ಲ. ಗಾಳಿ ಬಂದರೆ ನಡೆಯುವುದು, ಇಲ್ಲದಿದ್ದರೆ ನಿಲ್ಲುವುದು. ಗಲಾತಿಯಾ ಎಂಬವಳು ಗ್ರೀಕರ ಪುರಾಣದಲ್ಲಿ ಒಬ್ಬ ಸಮುದ್ರಕನ್ಯೆ; ಗ್ರೀಕಿನಲ್ಲಿ 'ಗಾಲ' ಎಂದರೆ ಹಾಲು, ಆದ್ದರಿಂದ ಅವಳು ಹಾಲಿನಂತೆ ಬೆಳ್ಳಗಿರುವವಳು. ಇದನ್ನು ಓದಿದಾಗ ಕ್ಷೀರಸಾಗರದಲ್ಲಿ ಹುಟ್ಟಿದ ನಮ್ಮ ಮಹಾಲಕ್ಷ್ಮಿಯು ನೆನಪಿಗೆ ಬಾರದಿರಲಿಲ್ಲ. ಲಕ್ಷ್ಮಿಯು ಕಡಲಿನಿಂದ ಬಂದು ಮನೆಯನ್ನು ತುಂಬುವವಳು; ಈ ಗಲಾತಿಯಾ ಮನೆಯನ್ನು ಒಪ್ಪಿಸಿಕೊಡಲು ಬಂದವಳು. ಅಷ್ಟೇ ಭೇದ.

ಆಗಿನ ಡೆನ್ಮಾರ್ಕಿನ ದೊರೆ ಎಂಟನೆಯ ಕ್ರಿಸ್ಟಿಯನ್ ಪ್ರಕೃತಿಶಾಸ್ತ್ರದಲ್ಲಿ ಅಭಿರುಚಿಯುಳ್ಳವನು. ಸ್ವತಃ ಚಿಪ್ಪು ಶಂಖಗಳನ್ನು ಸಂಗ್ರಹಿಸುತ್ತಿದ್ದವನು. ಕ್ರಯದ ಕಾರ್ಯಕ್ಕಾಗಿ ಹೇಗೂ ಒಂದು ಹಡಗು ಹಿಂದೂದೇಶಕ್ಕೆ ಹೋಗಬೇಕು, ಅದು ಭೂಮಂಡಲವನ್ನೇ ಪ್ರದಕ್ಷಿಣೆ ಮಾಡಿಕೊಂಡು ಬರಲಿ, ಶಾಸ್ತ್ರಜ್ಞರೂ ಚಿತ್ರಕಾರರೂ ಅದರೊಡನೆ ಹೋಗಲಿ ಎಂದು ಅವನ ಸಂಕಲ್ಪ. ಸ್ಟೀನ್ ಆಂಡರ್ಸನ್ ಬಿಲ್ಲೆ ಎಂಬ ನುರಿತ ಅಧಿಕಾರಿಯು ನಾಯಕನಾದನು. ಪ್ರಾಣಿಶಾಸ್ತ್ರಜ್ಞನಾದ ರೈನ್‌ಹಾರ್ಟ್, ಸಸ್ಯಶಾಸ್ತ್ರಜ್ಞನಾದ ಡಿಡ್ರಿಕ್‌ಸನ್, ಭೂಗರ್ಭಶಾಸ್ತ್ರಜ್ಞನಾದ ಹಿನ್ರಿಕ್ ರಿಂಕ್ ಮೊದಲಾದವರು ಜೊತೆಗೂಡಿದರು. ನಾವಿಕರೂ ಸೇರಿ 200ಕ್ಕೂ ಮಿಕ್ಕ ಜನ. 1845ರ ಜೂನ್ 24ರಂದು ಗಲಾತಿಯಾ ಕೋಪನ್‌ಹೇಗನ್ನಿನಿಂದ ಹಾಯಿಯನ್ನು ಬಿಚ್ಚಿತು.

ಸೂಯೆಜ್ ಕಾಲುವೆಯನ್ನು ತೆರೆದದ್ದು 1869ರಲ್ಲಿ. ಆದುದರಿಂದ ಹಡಗು ಆಫ್ರಿಕಾ ಖಂಡವನ್ನೆಲ್ಲ ಬಳಸಿಕೊಂಡು ಬರಬೇಕಾಯಿತು. ನೂರು ದಿನಗಳಿಗೂ ಮಿಕ್ಕ ಪ್ರಯಾಣ. ಗಾಳಿಯಿಲ್ಲದ ಭೂಮಧ್ಯರೇಖೆಯ ಕಡಲನ್ನು ದಾಟುವಾಗ ಹಾಯಿಹಡಗಿನವರಿಗೆ ನೀರಿನ ಅಳತೆಯೇ ಪ್ರಾಣದ ಅಳತೆ. ಅಕ್ಟೋಬರ್ ತಿಂಗಳಿನಲ್ಲಿ ಅದು ತರಂಗಂಬಾಡಿಯ ಮುಂದೆ ಬಂದು ನಿಂತಿತು. ಚೋಳಮಂಡಲದ ಈ ಕರಾವಳಿಯಲ್ಲಿ ಹಡಗಿಗೆ ಆಸರೆಯಾಗುವ ಕೊಲ್ಲಿಯಿಲ್ಲ. ತೆರೆದ ಕಡಲು, ದಡದಲ್ಲಿ ಒಂದರ ಮೇಲೊಂದಾಗಿ ಮುರಿದುಬೀಳುವ ತೆರೆ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಬೇಕು. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ಸ್ಥಳದ ಅಂಬಿಗರು ಜನರನ್ನೂ ಸಾಮಾನನ್ನೂ ದಡಕ್ಕೆ ಸಾಗಿಸಬೇಕು. ಮೊಳೆ ಹೊಡೆದ ದೋಣಿ ಆ ತೆರೆಗಳ ಪೆಟ್ಟಿಗೆ ಒಡೆದುಹೋಗುವುದು. ಹೊಲಿದ ದೋಣಿ ಬಾಗಿ ಬಳುಕಿ ಬದುಕುವುದು. ಅದರಲ್ಲಿಯೂ ಅಕ್ಟೋಬರ್ ಕಳೆಯುವಷ್ಟರಲ್ಲಿ ಈಶಾನ್ಯದ ಮಳೆಗಾಳಿ ಎದ್ದರೆ ಇಲ್ಲಿ ಲಂಗರು ಹಾಕಿ ನಿಲ್ಲುವುದೇ ಅಪಾಯ. ಇನ್ನೂರು ವರ್ಷಗಳ ಸಂಬಂಧವನ್ನು ಮುಗಿಸಲು ಬಂದ ಹಡಗಿಗೆ ಬಹಳ ದಿನ ನಿಲ್ಲುವ ಅವಕಾಶವನ್ನು ಕಡಲು ಕೊಡುವಂತಿರಲಿಲ್ಲ.

ಬಂಗಾಳದ ಶ್ರೀರಾಮಪುರವನ್ನು ಅಕ್ಟೋಬರ್ 11ರಂದೇ ಒಪ್ಪಿಸಿಯಾಗಿತ್ತು. ನವೆಂಬರ್ 7ರಂದು ತರಂಗಂಬಾಡಿಯೂ ಕೈಮಾರಿತು. ಕೊನೆಯ ಗವರ್ನರ್ ಪೇಡರ್ ಹಾನ್‌ಸನ್. ಅವನ ಕಾಲಕ್ಕೆ, ಕೆಂಪು ನೆಲದ ಮೇಲೆ ಬಿಳಿಯ ಶಿಲುಬೆಯುಳ್ಳ ಡೇನಿಷ್ ಬಾವುಟ ಈ ಕೋಟೆಯಿಂದ ಇಳಿಯಿತು. 225 ವರ್ಷಗಳ ಅಧ್ಯಾಯ ಮುಗಿಯಿತು.

ನಾವು ಈ ವೃತ್ತಾಂತವನ್ನು ಹೇಳುತ್ತಿದ್ದಾಗ ನಮ್ಮ ಮನೆಯವರು ಕಿವಿಗೊಟ್ಟು ಕೇಳುತ್ತಿದ್ದರು. ಮುಗಿದ ಮೇಲೆ, "ಏನೂಂದ್ರೆ, ಬಾಡಿಗೆಗೆ ಬಂದವರು ಮನೆ ಮಾರಿದ ಹಾಗಾಯಿತಲ್ಲ!" ಎಂದರು. ನಾವು ಮೂವತ್ತು ವರ್ಷ ಪಾಠ ಹೇಳಿಯೂ ಈ ಮಾತು ನಮಗೆ ಹೊಳೆದಿರಲಿಲ್ಲ. ಕಪ್ಪ ಕೊಟ್ಟು ಹಿಡಿದ ನೆಲವನ್ನು, ಅದರ ಮೂಲ ಒಡೆಯರ ಅಧಿಕಾರ ಅಡಗಿಹೋಗಿದ್ದ ಕಾಲದಲ್ಲಿ, ಒಬ್ಬ ಪರದೇಶಿಯು ಮತ್ತೊಬ್ಬ ಪರದೇಶಿಗೆ ಬೆಲೆ ಕಟ್ಟಿ ಕೊಟ್ಟನು. ನೇಯುವವರು, ಮೀನು ಹಿಡಿಯುವವರು, ಪೂಜೆ ಮಾಡುವವರು, ಓಲೆ ಬರೆಯುವವರು, ಎಲ್ಲರೂ ಹಿಂದಿನ ರಾತ್ರಿ ಒಬ್ಬ ದೊರೆಯ ಪ್ರಜೆಗಳಾಗಿ ಮಲಗಿ ಮಾರನೆಯ ಬೆಳಗ್ಗೆ ಮತ್ತೊಬ್ಬರ ಪ್ರಜೆಗಳಾಗಿ ಎದ್ದರು. ಅವರನ್ನು ಯಾರೂ ಕೇಳಲಿಲ್ಲ.

ಇನ್ನು ಗಲಾತಿಯಾದ ಮುಂದಿನ ದಾರಿ. ಒಂದು ನೆಲವನ್ನು ಬಿಟ್ಟುಕೊಟ್ಟ ಹಡಗಿಗೆ ಮತ್ತೊಂದು ನೆಲವನ್ನು ಹುಡುಕುವ ಆಜ್ಞೆಯೂ ಇತ್ತು. ನಿಕೋಬಾರ್ ದ್ವೀಪಗಳನ್ನು ಡೇನರು 1756ರಿಂದಲೇ ತಮ್ಮವೆಂದು ಹೇಳಿಕೊಂಡಿದ್ದರು. ನೆಲೆಸಲು ಹೋದವರನ್ನೆಲ್ಲ ಚಳಿಜ್ವರ ಅಟ್ಟಿತ್ತು. ಈಗಲಾದರೂ ಅಲ್ಲಿ ಬೇಸಾಯಕ್ಕೆ ಅನುಕೂಲವುಂಟೆ, ಕಲ್ಲಿದ್ದಲು ದೊರೆಯುವುದೆ ಎಂದು ಪರೀಕ್ಷಿಸುವುದು ಬಿಲ್ಲೆಯ ಕೆಲಸ. ಕಲ್ಕತ್ತೆಯಿಂದ ಹೊರಟು 1846ರ ಆರಂಭದಲ್ಲಿ ದ್ವೀಪಗಳನ್ನು ಸುತ್ತಿ, ನಕ್ಷೆ ಬರೆದು, ಗಿಡ, ಹಕ್ಕಿ, ಕಲ್ಲುಗಳನ್ನು ಕೂಡಿಸಿದರು. ಆದರೆ ಕಾಡುಜ್ವರ ಅವರನ್ನೂ ಬಿಡಲಿಲ್ಲ. ಮಹಾನಿಕೋಬಾರಿನ ತೆಂಕಣ ತುದಿಯ ಕೊಲ್ಲಿಗೂ ಅಲ್ಲಿಗೆ ಬಂದು ಸೇರುವ ಹೊಳೆಗೂ ಇಂದಿಗೂ ಗಲಾತಿಯಾ ಎಂದೇ ಹೆಸರು. ನಮ್ಮ ಭಾರತದ ನಕ್ಷೆಯ ಕಟ್ಟಕಡೆಯ ದಕ್ಷಿಣದಲ್ಲಿ ಹಾಯಿಹಡಗೊಂದು ತನ್ನ ಹೆಸರನ್ನು ಬಿಟ್ಟುಹೋಗಿದೆಯೆಂದು ನಾವು ಪಾಠ ಹೇಳುವಾಗ ತಿಳಿದಿರಲಿಲ್ಲ.

ಅಲ್ಲಿಂದ ಪಿನಾಂಗ್, ಸಿಂಗಪುರ, ಜಾವಾ, ಮನಿಲಾ, ಚೀನಾದ ರೇವುಗಳು. ಬಳಿಕ ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪ. ಅಲ್ಲಿ 1846ರ ಅಕ್ಟೋಬರ್ 19ರಂದು ಬಿಲ್ಲೆಯು ಮೂರನೆಯ ಕಮೆಹಮೆಹ ರಾಜನೊಡನೆ ಡೆನ್ಮಾರ್ಕಿನ ಪರವಾಗಿ ಸ್ನೇಹದ ಒಡಂಬಡಿಕೆಯನ್ನು ಮಾಡಿಕೊಂಡನು. ನೋಡಿರಿ, ಅದೇ ಹಡಗು, ಅದೇ ನಾಯಕ, ಒಂದೇ ವರ್ಷದ ಅಂತರ. ತನಗೊಬ್ಬ ರಾಜನುಳ್ಳ ದ್ವೀಪದಲ್ಲಿ ಅವರು ಸ್ನೇಹವನ್ನು ಕೇಳಿದರು. ರಾಜನನ್ನು ಕಳೆದುಕೊಂಡ ಊರಿನಲ್ಲಿ ಬೆಲೆಯನ್ನು ಎಣಿಸಿಕೊಂಡರು. ಮುಂದೆ ತಾಹಿತಿ, ದಕ್ಷಿಣ ಅಮೆರಿಕೆಯ ಪಡುವಣ ಕರಾವಳಿ, ಹಾರ್ನ್ ಭೂಶಿರ, ಬ್ರೆಜಿಲ್ ಇವನ್ನು ದಾಟಿ, 1847ರ ಆಗಸ್ಟ್ 24ರಂದು ಸರಿಯಾಗಿ ಇಪ್ಪತ್ತಾರು ತಿಂಗಳ ಮೇಲೆ ಗಲಾತಿಯಾ ತನ್ನ ರೇವನ್ನು ಸೇರಿತು.

ದೊಡ್ಡ ಆಸೆಯಿಂದ ಕಳುಹಿಸಿದ ದೊರೆಗೆ ಫಲವನ್ನುಣ್ಣುವ ಭಾಗ್ಯವಿರಲಿಲ್ಲ. 1848ರ ಜನವರಿಯಲ್ಲಿ ಎಂಟನೆಯ ಕ್ರಿಸ್ಟಿಯನ್ ತೀರಿಕೊಂಡನು. ಅದೇ ವರ್ಷ ಶ್ಲೆಸ್ವಿಗ್ ಹಾಲ್‌ಸ್ಟೈನ್ ಪ್ರಾಂತಗಳಿಗಾಗಿ ಯುದ್ಧ ಎದ್ದಿತು. ಭೂಮಂಡಲದ ಮೂಲೆಮೂಲೆಯಿಂದ ತಂದ ಸಂಗ್ರಹಗಳನ್ನು ಕ್ರಮವಾಗಿ ಶೋಧಿಸಿ ಪ್ರಕಟಿಸುವ ಕೆಲಸ ಹಿಂದೆ ಬಿತ್ತು. ಬಿಲ್ಲೆಯು ಮಾತ್ರ ಪ್ರವಾಸದ ವೃತ್ತಾಂತವನ್ನು ಮೂರು ಸಂಪುಟಗಳಲ್ಲಿ ಬರೆದು 1849ರಿಂದ 1851ರೊಳಗೆ ಪ್ರಕಟಿಸಿದನು. ನಿಕೋಬಾರಿನ ಬೇಗೆಯಲ್ಲಿ ಕಲ್ಲುಗಳನ್ನು ಪರೀಕ್ಷಿಸಿದ ರಿಂಕ್ ಹಿಮಮಯವಾದ ಗ್ರೀನ್‌ಲೆಂಡಿಗೆ ಹೋಗಿ, ಬಹುಕಾಲ ಅಲ್ಲಿದ್ದು, ಆ ಜನರ ಕಥೆಗಳನ್ನು ಕಲೆಹಾಕಿ, 1861ರಲ್ಲಿ ಅವರ ಭಾಷೆಯಲ್ಲಿಯೇ ಒಂದು ವೃತ್ತಪತ್ರಿಕೆಯನ್ನು ಹೊರಡಿಸಿದನು. ಗಲಾತಿಯಾದಲ್ಲಿ ಹೋದವರೊಳಗೆ ನಮಗೆ ಬಹಳ ಪ್ರಿಯನಾದವನು ಈತನೇ. ಮಣ್ಣನ್ನು ನೋಡಲು ಹೊರಟವನು ಮನುಷ್ಯನನ್ನು ಕೇಳಲು ಕಲಿತನು.

ನಿಕೋಬಾರಿನ ಆಸೆಯನ್ನು ಡೇನರು 1848ರಲ್ಲಿ ಕೈಬಿಟ್ಟರು. 1868ರಲ್ಲಿ ಆ ಹಕ್ಕನ್ನೂ ಇಂಗ್ಲಿಷರಿಗೆ ಕೊಟ್ಟರು. 1917ರಲ್ಲಿ ವೆಸ್ಟ್ ಇಂಡೀಸಿನ ತಮ್ಮ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರುಗಳಿಗೆ ಅಮೆರಿಕೆಗೆ ಮಾರಿದರು. ಆಗ, 1916ರ ಡಿಸೆಂಬರಿನಲ್ಲಿ, ಮಾರಬಹುದೆ ಎಂದು ಡೆನ್ಮಾರ್ಕಿನ ಪ್ರಜೆಗಳ ಮತವನ್ನು ಕೇಳಲಾಯಿತು. ಮಾರಲ್ಪಡುವ ದ್ವೀಪದವರಿಗೆ ಆ ಮತದಾನದಲ್ಲಿ ಭಾಗವಿರಲಿಲ್ಲ. ನಮ್ಮ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ ಎಷ್ಟು ದೂರ ಹೋಗುತ್ತದೆಂಬುದನ್ನು ವಾಚಕರೇ ಎಣಿಸಬಹುದು.

ಗಲಾತಿಯಾ ಎಂಬ ಹೆಸರನ್ನು ಮಾತ್ರ ಡೇನರು ಮರೆಯಲಿಲ್ಲ. 1950ರಿಂದ 1952ರವರೆಗೆ ಅದೇ ಹೆಸರಿನ ಎರಡನೆಯ ಹಡಗು ಲೋಕವನ್ನು ಸುತ್ತಿತು. 1951ರಲ್ಲಿ ಫಿಲಿಪ್ಪೀನ್ ದ್ವೀಪಗಳ ಬಳಿ ಹತ್ತು ಸಾವಿರ ಮೀಟರುಗಳಿಗೂ ಆಳವಾದ ಕಡಲ ಕೊರಕಲಿನಿಂದ ಜೀವವಿರುವ ಪ್ರಾಣಿಗಳನ್ನು ಎತ್ತಿ ತೋರಿಸಿತು. ಅಷ್ಟು ಭಾರವಾದ ನೀರಿನಡಿಯಲ್ಲಿಯೂ ಜೀವವುಂಟೆಂಬುದು ಆಗ ಸಿದ್ಧವಾಯಿತು. 2006–07ರಲ್ಲಿ ಮೂರನೆಯ ಪ್ರವಾಸವೂ ನಡೆಯಿತು.

ಹೊತ್ತು ಇಳಿಯುತ್ತಿದ್ದಂತೆ ಕೋಟೆಯಿಂದಿಳಿದು ದಂಡೆಯ ಮೇಲಿರುವ ಮಾಸಿಲಾಮಣಿನಾಥರ ದೇವಾಲಯದ ಬಳಿಗೆ ಹೋದೆವು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಪಾಂಡ್ಯರ ಕಾಲದಲ್ಲಿ ಕಟ್ಟಿದ್ದು. ಡೇನರು ಬರುವುದಕ್ಕಿಂತ ಮುನ್ನೂರು ವರ್ಷಗಳ ಹಿಂದಿನಿಂದ ಅಲ್ಲಿರುವ ಈ ಶಿವನ ಹಳೆಯ ಗುಡಿಯ ಮುಂಭಾಗವನ್ನು ಕಡಲು ನುಂಗಿಬಿಟ್ಟಿದೆ. ಬಂಡೆಗಳನ್ನು ಪೇರಿಸಿ ತಡೆ ಹಾಕಿದ್ದಾರೆ.

ಅಲ್ಲಿ ಒಬ್ಬ ವೃದ್ಧ ಬೆಸ್ತರವರು ಬಲೆಯ ಹರಕನ್ನು ಕಟ್ಟುತ್ತ ಕುಳಿತಿದ್ದರು. ನಮ್ಮ ಹರಕು ತಮಿಳನ್ನು ಅವರು ತಾಳ್ಮೆಯಿಂದ ಕೇಳಿದರು. "ಪೆರಿಯವರೇ, ಈ ಊರನ್ನು ಹಿಂದೆ ಮಾರಿದ ಸಂಗತಿ ನಿಮ್ಮ ಹಿರಿಯರು ಹೇಳುತ್ತಿದ್ದರೆ?" ಎಂದು ವಿಚಾರಿಸಿದೆವು.

"ಕೋಟೆಯವರ ಲೆಕ್ಕ ಕೋಟೆಯವರಿಗೆ, ಅಯ್ಯಾ," ಎಂದರು ಅವರು. "ನಮ್ಮ ಮನೆಯಲ್ಲಿ ಹೇಳುವುದು ಕಡಲಿನ ಲೆಕ್ಕ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 2004ರ ಡಿಸೆಂಬರ್ 26ರ ಬೆಳಗ್ಗೆ ಇದೇ ದಂಡೆಯ ಮೇಲೆ ನೀರು ಹೇಗೆ ಎದ್ದು ಬಂತೆಂಬುದನ್ನು ಹೇಳಿದರು. ಯಾರುಯಾರನ್ನು ಕಳೆದುಕೊಂಡರೆಂಬುದನ್ನು ನಾವು ಇಲ್ಲಿ ಬರೆಯಲಾರೆವು. ಈಗ ಅವರ ಮನೆ ಕಡಲಿನಿಂದ ಒಳಗಡೆ ಹೊಸದಾಗಿ ಕಟ್ಟಿದ ಕೇರಿಯಲ್ಲಿ. "ಮನೆ ಗಟ್ಟಿಯಾಗಿದೆ. ಆದರೆ ಅಲ್ಲಿ ಅಲೆಯ ಸದ್ದು ಕೇಳಿಸುವುದಿಲ್ಲ, ನಿದ್ದೆ ಬರುವುದಿಲ್ಲ. ಅದಕ್ಕೇ ದಿನಾ ಇಲ್ಲಿಗೆ ಬರುತ್ತೇನೆ" ಎಂದರು. ನಮ್ಮ ಮನೆಯವರು ಬುತ್ತಿಯಲ್ಲಿದ್ದ ಶಾಂತಿಯ ಪ್ರಸಾದವನ್ನು ತೆಗೆದು ಅವರ ಕೈಗೆ ಕೊಟ್ಟರು. ಅವರು ಕಣ್ಣಿಗೊತ್ತಿಕೊಂಡು ತಿಂದರು.

ಅದೇ ದಿನದ ಕಂಪನದಿಂದ ನಿಕೋಬಾರಿನ ತೆಂಕಣ ತುದಿಯೂ ನಾಲ್ಕು ಮೀಟರಿಗೂ ಮಿಕ್ಕು ತಗ್ಗಿ, ಇಂದಿರಾ ಪಾಯಿಂಟಿನ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಗಲಾತಿಯಾ ಕೊಲ್ಲಿಯ ಮರಳಿಗೆ ಮಹಾಕಾಯದ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಲ್ಲಿಯೇ ದೊಡ್ಡ ರೇವೊಂದನ್ನು ಕಟ್ಟುವ ಯೋಜನೆ ಈಗ ನಮ್ಮ ಸರ್ಕಾರದ ಮುಂದಿದೆ. ರೇವು ಬೇಕೆ ಬೇಡವೆ ಎಂಬುದನ್ನು ತಿಳಿದವರು ತೀರ್ಮಾನಿಸಲಿ. ನಮ್ಮ ಪ್ರಾರ್ಥನೆ ಒಂದೇ. ಆ ದ್ವೀಪದಲ್ಲಿ ಬಹುಕಾಲದಿಂದ ಬಾಳಿಕೊಂಡು ಬಂದವರನ್ನು ಮೊದಲು ಕೇಳಲಿ. ಹಿಂದೆ ಬಂದವರು ಪರದೇಶದವರು, ಕೇಳಲಿಲ್ಲ. ನಾವು ಒಂದೇ ಮನೆಯವರು.

ಕತ್ತಲಾಗುವ ಮೊದಲು ಹೆಬ್ಬಾಗಿಲನ್ನು ದಾಟಿ ಹಿಂದಿರುಗಿದೆವು. ಷಷ್ಟ್ಯಬ್ದಪೂರ್ತಿಯಲ್ಲಿ ಪುರೋಹಿತರು, ತಿಳಿದೂ ತಿಳಿಯದೆಯೂ ಮಾಡಿದ ದೋಷಗಳಿಗೆ ಪ್ರಾಯಶ್ಚಿತ್ತವೆಂದು ನಮ್ಮಿಂದ ಸಂಕಲ್ಪ ಮಾಡಿಸಿದ್ದರು. ಆ ಹುಡುಗನು ಈಗ ಎಲ್ಲಿರುವನೋ ನಮಗೆ ತಿಳಿಯದು. ಅವನಿಗೂ ತಲೆ ನರೆಯುವ ವಯಸ್ಸು. ಯಾವುದಾದರೂ ಮನೆಯಲ್ಲಿ ಈ ಪತ್ರಿಕೆಯನ್ನು ತೆರೆದಿದ್ದರೆ ಅವನು ನಮ್ಮ ಉತ್ತರವನ್ನು ಓದಲಿ. ಹೌದು ಮಗು, ಊರಿನ ಜೊತೆಗೆ ಜನರನ್ನೂ ಕೈಮಾರಿಸಿದರು. ಪತ್ರದಲ್ಲಿ ಆ ಮಾತನ್ನು ಹಾಗೆ ಬರೆಯಲಿಲ್ಲ, ಅಷ್ಟೆ. ನಿನ್ನ ಪ್ರಶ್ನೆ ಸರಿಯಾಗಿತ್ತು. ಕೂತುಕೋ ಎಂದದ್ದು ನಮ್ಮ ತಪ್ಪು.